ವಿಶಾಖಪಟ್ಟಣ, ವಿಜಯವಾಡಕ್ಕೆ ಬರುತ್ತಿವೆ ಕಂಪನಿಗಳು. ಕೈಗೆಟಕುವ ಬಾಡಿಗೆ ಮನೆ ಎಲ್ಲಿ?

ಬೆಂಗಳೂರಿನ ಹೊರವರ್ತುಲ ರಸ್ತೆಯ ಗುಂಡಿ ಮತ್ತು ಸಂಚಾರ ದಟ್ಟಣೆಗೆ ಬೇಸತ್ತ ಲಾಜಿಸ್ಟಿಕ್ಸ್ ಕಂಪನಿಯೊಂದು 2025ರ ಸೆಪ್ಟೆಂಬರ್‌ನಲ್ಲಿ ಆ ಜಾಗ ಬಿಡುವ ಮಾತಾಡಿತು. ಬೆನ್ನಲ್ಲೇ ಆಂಧ್ರಪ್ರದೇಶದ ಐಟಿ ಸಚಿವ ನಾರಾ ಲೋಕೇಶ್ 'ವಿಶಾಖಪಟ್ಟಣಕ್ಕೆ ಬನ್ನಿ' ಎಂದು ಕರೆದರು. ಅದಕ್ಕೂ ಮುನ್ನ, ಜುಲೈನಲ್ಲಿ ದೇವನಹಳ್ಳಿಯ 1,777 ಎಕರೆ ಭೂಸ್ವಾಧೀನವನ್ನು ಕರ್ನಾಟಕ ಸರ್ಕಾರ ಕೈಬಿಟ್ಟಾಗಲೂ ಅವರಿಂದ ಇಂಥದ್ದೇ ಆಹ್ವಾನ ಬಂದಿತ್ತು. ಅಕ್ಟೋಬರ್ 14ರಂದು ಗೂಗಲ್ ಕಂಪನಿ ವಿಶಾಖಪಟ್ಟಣದಲ್ಲಿ ಐದು ವರ್ಷಗಳಲ್ಲಿ 1,500 ಕೋಟಿ ಡಾಲರ್ ಹೂಡಿಕೆಯ ಎಐ ಹಬ್ ಘೋಷಿಸಿದ ಮೇಲಂತೂ ಕರ್ನಾಟಕದಲ್ಲಿ ರಾಜಕೀಯ ವಾಗ್ವಾದವೇ ನಡೆಯಿತು.

ಈ ಪೈಪೋಟಿಯಲ್ಲಿ ಭೂಮಿ, ವಿದ್ಯುತ್, ನೀರು, ತೆರಿಗೆ ರಿಯಾಯಿತಿ ಎಲ್ಲವೂ ಚರ್ಚೆಗೆ ಬಂದಿವೆ. ಹೊಸ ಕೆಲಸಕ್ಕೆ ಬರುವವರು ಎಲ್ಲಿ ಬಾಡಿಗೆಗೆ ಇರಬೇಕು, ಈಗಾಗಲೇ ಬಾಡಿಗೆಗೆ ಇರುವವರು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಮಾತ್ರ ಬದಿಗೆ ಸರಿದಿದೆ. ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಇದೇ ರಾಜ್ಯದ ವಿಜಯವಾಡ ಹತ್ತು ವರ್ಷಗಳ ಹಿಂದೆ ಇದೇ ಪರಿಸ್ಥಿತಿ ಎದುರಿಸಿದೆ. ಅಲ್ಲಿ ಕಲಿತ ಪಾಠವನ್ನು ವಿಶಾಖಪಟ್ಟಣದಲ್ಲಿ ಬಳಸಲಾಗುತ್ತಿದೆಯೇ ಎಂಬುದೇ ಈಗಿನ ಮುಖ್ಯ ಪ್ರಶ್ನೆ.

ರಾಜಧಾನಿ ಬಂತು, ಬಾಡಿಗೆಯೂ ಏರಿತು

2014ರ ಜೂನ್ 2ರಂದು ತೆಲಂಗಾಣ ಪ್ರತ್ಯೇಕ ರಾಜ್ಯವಾಯಿತು. ಹೈದರಾಬಾದ್ ಹತ್ತು ವರ್ಷ ಎರಡೂ ರಾಜ್ಯಗಳಿಗೆ ಜಂಟಿ ರಾಜಧಾನಿ ಎಂದು ಕಾಯ್ದೆಯಲ್ಲಿ ಇತ್ತಾದರೂ ಆಂಧ್ರ ಸರ್ಕಾರ ಅಷ್ಟು ದಿನ ಕಾಯಲಿಲ್ಲ. 2015ರಿಂದಲೇ ಆಡಳಿತ ವಿಜಯವಾಡದ ಕಡೆ ಸರಿಯಿತು. 2016ರ ಮಧ್ಯಭಾಗದಲ್ಲಿ ಅಮರಾವತಿ ಪ್ರದೇಶದ ವೆಲಗಪೂಡಿಯ ತಾತ್ಕಾಲಿಕ ಸಚಿವಾಲಯಕ್ಕೆ ಸಾವಿರಾರು ನೌಕರರು ವರ್ಗವಾಗತೊಡಗಿದರು.

ಸಚಿವಾಲಯ ಇದ್ದದ್ದು ಹೊಲಗಳ ನಡುವೆ. ಮನೆಗಳಿದ್ದದ್ದು ವಿಜಯವಾಡ, ಗುಂಟೂರು, ಮಂಗಳಗಿರಿಯಲ್ಲಿ. 2011ರ ಜನಗಣತಿಯಲ್ಲಿ ವಿಜಯವಾಡ ನಗರದ ಜನಸಂಖ್ಯೆ 10 ಲಕ್ಷ ದಾಟಿತ್ತು. ಒಂದು ಬದಿಗೆ ಕೃಷ್ಣಾ ನದಿ, ಇನ್ನೊಂದು ಬದಿಗೆ ಇಂದ್ರಕೀಲಾದ್ರಿ, ಮೊಘಲ್‌ರಾಜಪುರಂ, ಗುಣದಲ ಬೆಟ್ಟಗಳು, ನಡುವೆ ಏಲೂರು, ಬಂದರು, ರೈವ್ಸ್ ಕಾಲುವೆಗಳು. ನಗರ ಬೆಳೆಯಲು ಮೊದಲೇ ಜಾಗ ಕಡಿಮೆ. ಅಂಥ ಊರಿಗೆ ಒಂದು ರಾಜ್ಯದ ಆಡಳಿತ ಬಂದಿಳಿದಾಗ ಬೆಂಜ್ ಸರ್ಕಲ್, ಪಟಮಟ, ಮೊಘಲ್‌ರಾಜಪುರಂ, ಲಬ್ಬಿಪೇಟೆಯಂಥ ಕಡೆ ಬಾಡಿಗೆ ಏರಿದ್ದರಲ್ಲಿ ಅಚ್ಚರಿಯಿಲ್ಲ.

ಹೈದರಾಬಾದಿನಿಂದ ಬಂದ ಸಚಿವಾಲಯದ ನೌಕರರಿಗೆ ಸರ್ಕಾರ ಶೇ 30ರಷ್ಟು ಮನೆ ಬಾಡಿಗೆ ಭತ್ಯೆ ಕೊಟ್ಟಿತು. ವಾರಕ್ಕೆ ಐದು ದಿನದ ಕೆಲಸವೂ ಸಿಕ್ಕಿತು. ಕುಟುಂಬವನ್ನು ಹೈದರಾಬಾದಿನಲ್ಲೇ ಬಿಟ್ಟು ಬಂದವರಿಗೆ ಇದು ಅಗತ್ಯವಾಗಿತ್ತು. ಆದರೆ ಮಾರುಕಟ್ಟೆಯಲ್ಲಿ ಇದರ ಪರಿಣಾಮ ಬೇರೆಯೇ ಆಗಿತ್ತು. ಹೆಚ್ಚಿನ ಭತ್ಯೆ ಪಡೆಯುವ ಒಂದು ವರ್ಗ ಅದೇ ಮನೆಗಳಿಗೆ ಪೈಪೋಟಿಗೆ ಇಳಿದಾಗ, ಭತ್ಯೆಯೇ ಇಲ್ಲದ ಅಂಗಡಿ ನೌಕರ, ಆಟೋನಗರದ ಮೆಕ್ಯಾನಿಕ್, ಖಾಸಗಿ ಶಾಲೆಯ ಶಿಕ್ಷಕಿ ಊರಿನ ಅಂಚಿಗೆ ಸರಿಯಬೇಕಾಯಿತು. ಕಾನೂರು, ಪೋರಂಕಿ, ಪೆನಮಲೂರು, ಗೊಲ್ಲಪೂಡಿ, ಎನಿಕೆಪಾಡು ಕಡೆಗೆ ನಗರ ಚಾಚಿಕೊಂಡದ್ದರ ಹಿಂದೆ ಈ ಒತ್ತಡವೂ ಇದೆ.

ವಿಜಯವಾಡಕ್ಕೆ ಇನ್ನೊಂದು ವಿಶೇಷವೂ ಇದೆ. ಇದು ಇಂಟರ್‌ಮೀಡಿಯೆಟ್ ಕಾರ್ಪೊರೇಟ್ ಕಾಲೇಜುಗಳ ಊರು. ಅಪಾರ್ಟ್‌ಮೆಂಟಿನಂಥ ಕಟ್ಟಡಗಳೇ ಇಡಿಯಾಗಿ ಹಾಸ್ಟೆಲ್‌ಗಳಾಗುತ್ತವೆ. ಹತ್ತು ಕುಟುಂಬಗಳ ಬಾಡಿಗೆಗಿಂತ ಒಂದೇ ಸಂಸ್ಥೆಯ ಗುತ್ತಿಗೆ ಮಾಲೀಕನಿಗೆ ಸಲೀಸು. ಕುಟುಂಬಗಳಿಗೆ ಸಿಗಬೇಕಾದ ಮನೆಗಳ ಸಂಖ್ಯೆ ಇದರಿಂದಲೂ ಕಡಿಮೆಯಾಗುತ್ತದೆ.

ಘೋಷಣೆ ಬದಲಾದಂತೆ ಮಾರುಕಟ್ಟೆ

2019ರ ಡಿಸೆಂಬರ್ 17ರಂದು ಅಂದಿನ ಮುಖ್ಯಮಂತ್ರಿ ವೈ.ಎಸ್. ಜಗನ್‌ಮೋಹನ ರೆಡ್ಡಿ ವಿಧಾನಸಭೆಯಲ್ಲಿ ಮೂರು ರಾಜಧಾನಿಗಳ ಮಾತಾಡಿದರು. ವಿಶಾಖಪಟ್ಟಣ ಆಡಳಿತ ರಾಜಧಾನಿ, ಅಮರಾವತಿ ಶಾಸಕಾಂಗ ರಾಜಧಾನಿ, ಕರ್ನೂಲು ನ್ಯಾಯಾಂಗ ರಾಜಧಾನಿ ಎಂಬ ಲೆಕ್ಕಾಚಾರ. ಅಮರಾವತಿ ಸುತ್ತಲಿನ ರಿಯಲ್ ಎಸ್ಟೇಟ್ ಮಂಕಾಯಿತು. ನಿರೀಕ್ಷೆಯೆಲ್ಲ ವಿಶಾಖಪಟ್ಟಣದ ಕಡೆ ತಿರುಗಿತು. ಮೂರು ರಾಜಧಾನಿ ಕಾಯ್ದೆಯನ್ನು 2021ರ ನವೆಂಬರ್‌ನಲ್ಲಿ ಸರ್ಕಾರವೇ ಹಿಂಪಡೆಯಿತು. 2022ರ ಮಾರ್ಚ್‌ನಲ್ಲಿ ಹೈಕೋರ್ಟ್ ಅಮರಾವತಿಯ ಪರ ತೀರ್ಪು ನೀಡಿತು. 2023ರ ಜನವರಿಯಲ್ಲಿ ಜಗನ್ ಮತ್ತೆ ವಿಶಾಖಪಟ್ಟಣವೇ ರಾಜಧಾನಿ ಎಂದರು. 2024ರ ಜೂನ್‌ನಲ್ಲಿ ಸರ್ಕಾರ ಬದಲಾಯಿತು, ಚಂದ್ರಬಾಬು ನಾಯ್ಡು ಮರಳಿ ಬಂದರು, ಅಮರಾವತಿಗೆ ಮತ್ತೆ ಜೀವ ಬಂತು. 2025ರ ಮೇ 2ರಂದು ಪ್ರಧಾನಿ ನರೇಂದ್ರ ಮೋದಿ ಅಲ್ಲಿನ ಕಾಮಗಾರಿಗಳಿಗೆ ಮರುಚಾಲನೆ ನೀಡಿದರು.

ಐದೂವರೆ ವರ್ಷಗಳಲ್ಲಿ ಇಷ್ಟು ತಿರುವು. ಭೂಮಿ ಕೊಂಡವರು, ಮಾರಿದವರು, ಕಟ್ಟಡ ಕಟ್ಟಿದವರು ಒಂದೊಂದು ತಿರುವಿನಲ್ಲೂ ಲಾಭ ಅಥವಾ ನಷ್ಟ ಕಂಡರು. ಬಾಡಿಗೆದಾರನ ಸ್ಥಿತಿ ಬೇರೆ. ಘೋಷಣೆ ಬಂದ ಕೂಡಲೇ ಬಾಡಿಗೆ ಏರುತ್ತದೆ, ಘೋಷಣೆ ಹಿಂದೆ ಸರಿದಾಗ ಅದೇ ವೇಗದಲ್ಲಿ ಇಳಿಯುವುದಿಲ್ಲ. ಮನೆ ಸಾಲದ ಕಂತು ಕಟ್ಟುತ್ತಿರುವ ಮಾಲೀಕ ಒಮ್ಮೆ ಏರಿಸಿದ ಬಾಡಿಗೆಯನ್ನು ಇಳಿಸುವುದಕ್ಕಿಂತ ಕೆಲವು ತಿಂಗಳು 'ಟು ಲೆಟ್' ಬೋರ್ಡು ತೂಗುಹಾಕಿ ಕಾಯುವುದೇ ಹೆಚ್ಚು.

ಬಾಡಿಗೆಯ ವಿಚಾರ ರಾಜ್ಯದ ದೊಡ್ಡ ರಾಜಕೀಯ ಸಂಘರ್ಷಕ್ಕೂ ಕಾರಣವಾಗಿದೆ. 2022ರ ಫೆಬ್ರವರಿ 3ರಂದು ಸಾವಿರಾರು ಸರ್ಕಾರಿ ನೌಕರರು 'ಚಲೋ ವಿಜಯವಾಡ' ನಡೆಸಿದಾಗ ವೇತನ ಪರಿಷ್ಕರಣೆಯ ಜತೆಗೆ ಮನೆ ಬಾಡಿಗೆ ಭತ್ಯೆಯ ಕಡಿತವೂ ಪ್ರಮುಖ ವಿಷಯವಾಗಿತ್ತು. ಆಮೇಲಿನ ಒಪ್ಪಂದದಂತೆ 2 ಲಕ್ಷದಿಂದ 50 ಲಕ್ಷ ಜನಸಂಖ್ಯೆಯ ನಗರಗಳಿಗೆ ಶೇ 16ರಷ್ಟು ಭತ್ಯೆ ನಿಗದಿಯಾಯಿತು. ವಿಶಾಖಪಟ್ಟಣ, ವಿಜಯವಾಡ ಎರಡೂ ಈ ಗುಂಪಿನಲ್ಲೇ ಬರುತ್ತವೆ. ಹೈದರಾಬಾದಿನಿಂದ ಬಂದ ಸಚಿವಾಲಯ ಮತ್ತು ಇಲಾಖಾ ಮುಖ್ಯಸ್ಥರ ಕಚೇರಿ ನೌಕರರಿಗೆ ಶೇ 24.

ಲೆಕ್ಕ ಹಾಕಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಆ ವೇತನ ಪರಿಷ್ಕರಣೆಯಲ್ಲಿ ಕನಿಷ್ಠ ಮೂಲ ವೇತನ 20,000 ರೂಪಾಯಿ. ಶೇ 16 ಎಂದರೆ 3,200 ರೂಪಾಯಿ. ಕೇಂದ್ರ ಸರ್ಕಾರದ ನೌಕರರಿಗೆ ಈ ಎರಡೂ ನಗರಗಳು 'ವೈ' ದರ್ಜೆಯವು, ಭತ್ಯೆ ಶೇ 20. ಕನಿಷ್ಠ ಮೂಲ ವೇತನ 18,000ಕ್ಕೆ 3,600 ರೂಪಾಯಿ ಸಿಗುತ್ತದೆ. 'ಎಕ್ಸ್' ದರ್ಜೆಯ ಬೆಂಗಳೂರಿನಲ್ಲಿ ಇದೇ ನೌಕರನಿಗೆ ಶೇ 30, ಅಂದರೆ 5,400 ರೂಪಾಯಿ. ನಗರದ ದರ್ಜೆ ಜನಸಂಖ್ಯೆಯ ಮೇಲೆ ನಿಂತಿದೆ, ಆ ಜನಸಂಖ್ಯೆ ಇನ್ನೂ 2011ರ ಜನಗಣತಿಯದ್ದು. 2021ರ ಗಣತಿ ನಡೆಯಲೇ ಇಲ್ಲ, ಮುಂದಿನದು 2027ಕ್ಕೆ ನಿಗದಿಯಾಗಿದೆ. ಬಾಡಿಗೆ ಈಗಿನ ದರದಲ್ಲಿ ಕಟ್ಟಬೇಕು, ಭತ್ಯೆ ಮಾತ್ರ 2011ರ ತಲೆಲೆಕ್ಕದ ಮೇಲೆ ಬರುತ್ತದೆ. ಈ ಭತ್ಯೆಯೂ ಇಲ್ಲದ ಖಾಸಗಿ, ಅಸಂಘಟಿತ ನೌಕರರೇ ಎರಡೂ ಊರುಗಳಲ್ಲಿ ಹೆಚ್ಚು.

ಕಡಿಮೆ ಬಾಡಿಗೆಯ ನಿಜವಾದ ಬೆಲೆ

'ಕೈಗೆಟಕುವ' ಎಂದರೆ ಎಷ್ಟು? ಆದಾಯದ ಶೇ 30ಕ್ಕಿಂತ ಹೆಚ್ಚು ಮನೆಗೆ ಖರ್ಚಾಗಬಾರದು ಎಂಬುದು ಸಾಮಾನ್ಯವಾಗಿ ಬಳಕೆಯಲ್ಲಿರುವ ಅಳತೆ. ತಿಂಗಳಿಗೆ 20,000 ರೂಪಾಯಿ ದುಡಿಯುವ ಕುಟುಂಬಕ್ಕೆ ಅದು 6,000 ರೂಪಾಯಿ. ಆ ಕುಟುಂಬ 9,000 ರೂಪಾಯಿಯ ಮನೆ ಹಿಡಿದು, ಅಪಾರ್ಟ್‌ಮೆಂಟಿನ ನಿರ್ವಹಣಾ ವೆಚ್ಚಕ್ಕೆ 1,000 ಕೊಡಬೇಕಾಯಿತು ಎಂದುಕೊಳ್ಳಿ. ವಿದ್ಯುತ್ ಬಿಲ್ಲಿಗೂ ಮೊದಲೇ ಅರ್ಧ ಸಂಬಳ ಖಾಲಿ. ಹಾಗಾಗಿ ಅಂಥವರು ಊರಿನ ಒಳಗಿನ ಅಪಾರ್ಟ್‌ಮೆಂಟ್ ಬಿಟ್ಟು ಅಗ್ಗದ ಬಡಾವಣೆ ಹುಡುಕುತ್ತಾರೆ. ಈ ಎರಡು ನಗರಗಳಲ್ಲಿ ಬಾಡಿಗೆ ಏಕೆ ಕಡಿಮೆ ಇದೆ ಎಂದು ಬಡಾವಣೆಯಿಂದ ಬಡಾವಣೆಗೆ ನೋಡುತ್ತ ಹೋದರೆ ಮೂರು ಕಾರಣ ಕಾಣುತ್ತವೆ: ನೀರು ನುಗ್ಗುತ್ತದೆ, ಕಾರ್ಖಾನೆ ಪಕ್ಕದಲ್ಲಿದೆ, ಅಥವಾ ಕೆಲಸದ ಜಾಗ ದೂರ.

ಮೊದಲ ಕಾರಣಕ್ಕೆ 2024ರ ಸೆಪ್ಟೆಂಬರ್‌ನ ವಿಜಯವಾಡವೇ ಉದಾಹರಣೆ. ಬುಡಮೇರು ಹಳ್ಳದ ಏರಿ ಒಡೆದು ಅಜಿತ್ ಸಿಂಗ್ ನಗರ, ಪಾಯಕಾಪುರಂ, ಕಂಡ್ರಿಕ, ರಾಜರಾಜೇಶ್ವರಿಪೇಟೆ, ವಾಂಬೆ ಕಾಲೊನಿಗಳಿಗೆ ನೀರು ನುಗ್ಗಿತು. ಕೆಲವೆಡೆ ವಾರಕ್ಕೂ ಹೆಚ್ಚು ಕಾಲ ನೀರು ಇಳಿಯಲಿಲ್ಲ. ಅದೇ ಹೊತ್ತಿಗೆ ಪ್ರಕಾಶಂ ಬ್ಯಾರೇಜ್‌ನಲ್ಲಿ 11 ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರು ಹರಿಯಿತು. ಮುಳುಗಿದ ಪ್ರದೇಶಗಳಲ್ಲಿ ಹೆಚ್ಚಿನವು ಕೂಲಿ ಕಾರ್ಮಿಕರು, ಸಣ್ಣ ವ್ಯಾಪಾರಿಗಳು, ಆಟೋ ಚಾಲಕರು ನೆಲೆಸಿರುವ, ಊರಿನಲ್ಲೇ ಕಡಿಮೆ ಬಾಡಿಗೆಯ ಪ್ರದೇಶಗಳು. ಅದಕ್ಕೂ ಒಂದು ದಿನ ಮೊದಲು, ಆಗಸ್ಟ್ 31ರಂದು ಮೊಘಲ್‌ರಾಜಪುರಂ ಬೆಟ್ಟದ ಬಂಡೆಗಳು ಮನೆಗಳ ಮೇಲೆ ಉರುಳಿ ಹಲವರು ಮೃತಪಟ್ಟರು. ಊರಿನ ನಡುವೆಯೇ ಇರಬೇಕು, ಆದರೆ ಹೆಚ್ಚು ಬಾಡಿಗೆ ಕೊಡಲಾಗದು ಎನ್ನುವವರಿಗೆ ಬೆಟ್ಟದ ಇಳಿಜಾರೇ ಗತಿ.

ನೆರೆ ಪರಿಹಾರವಾಗಿ ಸರ್ಕಾರ ನೆಲಮಹಡಿಯ ಮನೆಗಳಿಗೆ 25,000 ರೂಪಾಯಿ, ಮೊದಲ ಮಹಡಿ ಮತ್ತು ಮೇಲಿನವರಿಗೆ 10,000 ರೂಪಾಯಿ ಪ್ರಕಟಿಸಿತು. ಮನೆಯ ಗೋಡೆ ಮಾಲೀಕನದು. ನೀರಿನಲ್ಲಿ ಹಾಳಾದ ಫ್ರಿಜ್, ಹಾಸಿಗೆ, ಮಕ್ಕಳ ಪುಸ್ತಕ, ಹೊಲಿಗೆ ಯಂತ್ರ ಬಾಡಿಗೆದಾರನದು. ಇಂಥ ಸಂದರ್ಭದಲ್ಲಿ ತಾನು ಅಲ್ಲೇ ವಾಸವಿದ್ದೆ ಎಂದು ಸಾಬೀತುಪಡಿಸಲು ಬಾಡಿಗೆದಾರನಿಗೆ ಕಾಗದ ಬೇಕು. ಬಾಯಿಮಾತಿನ ಕರಾರಿನಲ್ಲಿ ಇದ್ದವರ ಬಳಿ ಅದು ಇರುವುದಿಲ್ಲ. ಆಧಾರ್ ಕಾರ್ಡಿನಲ್ಲಿ ಊರಿನ ವಿಳಾಸ, ವಿದ್ಯುತ್ ಬಿಲ್ಲಿನಲ್ಲಿ ಮಾಲೀಕನ ಹೆಸರು.

ಎರಡನೆಯ ಕಾರಣಕ್ಕೆ ವಿಶಾಖಪಟ್ಟಣವನ್ನು ನೋಡಬೇಕು. 2020ರ ಮೇ 7ರ ನಸುಕಿನಲ್ಲಿ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಿಂದ ಸ್ಟೈರೀನ್ ಅನಿಲ ಸೋರಿ ಆರ್.ಆರ್. ವೆಂಕಟಾಪುರಂ ಮತ್ತು ಸುತ್ತಲಿನ 12 ಜನ ಮೃತಪಟ್ಟರು. 1961ರಲ್ಲಿ ಕಾರ್ಖಾನೆ ಆರಂಭವಾದಾಗ ಅದು ಊರ ಹೊರಗಿತ್ತು. ನಂತರ ನಗರವೇ ಅದರ ಸುತ್ತ ಬೆಳೆಯಿತು. ಗಾಜುವಾಕ ಕಡೆಯ ಕೈಗಾರಿಕಾ ಪಟ್ಟಿ, ಬಂದರಿನ ಕಲ್ಲಿದ್ದಲು ಮತ್ತು ಅದಿರಿನ ದೂಳು ತಾಕುವ ಹಳೆಯ ಊರಿನ ಓಣಿಗಳು ಕೂಡ ಇದೇ ಸಾಲಿಗೆ ಸೇರುತ್ತವೆ. ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಗಾಳಿಯ ಗುಣಮಟ್ಟದ ಮಾನದಂಡ ಮುಟ್ಟದ ನಗರಗಳ ಪಟ್ಟಿಯಲ್ಲಿ ವಿಶಾಖಪಟ್ಟಣ, ವಿಜಯವಾಡ ಎರಡೂ ಇವೆ.

ಮೂರನೆಯದು ದೂರ. ವಿಶಾಖಪಟ್ಟಣ ಸಮುದ್ರ ಮತ್ತು ಪೂರ್ವಘಟ್ಟದ ಬೆಟ್ಟಗಳ ನಡುವೆ ಉದ್ದಕ್ಕೆ ಬೆಳೆದ ಊರು. ನೌಕಾಪಡೆ, ಬಂದರು, ಉಕ್ಕು ಕಾರ್ಖಾನೆಗೆ ಸೇರಿದ ಭೂಮಿ ಬಹಳ. ಸಿಂಹಾಚಲಂ ದೇವಸ್ಥಾನದ ಭೂಮಿಯ ಒಡೆತನದ ವಿವಾದ ಪಂಚಗ್ರಾಮಗಳಲ್ಲಿ ದಶಕಗಳಿಂದ ಇದೆ. ಉಳಿದ ಜಾಗದಲ್ಲಿ ಎಂವಿಪಿ ಕಾಲೊನಿ, ಸೀತಮ್ಮಧಾರ, ಸಿರಿಪುರಂ, ಲಾಸನ್ಸ್ ಬೇ ಕಾಲೊನಿ ಉಳ್ಳವರ ಬಡಾವಣೆಗಳು. ಐಟಿ ಕಚೇರಿಗಳು ಬರುತ್ತಿರುವುದು ಉತ್ತರದ ಋಷಿಕೊಂಡ, ಮಧುರವಾಡ, ಕಾಪುಲುಪ್ಪಾಡ ಕಡೆ. ಬಾಡಿಗೆ ಕಡಿಮೆ ಎಂದು ಜನ ಹುಡುಕುವುದು ಪೆಂದುರ್ತಿ, ವೇಪಗುಂಟ, ಗೋಪಾಲಪಟ್ಟಣಂ, ಕೂರ್ಮನ್ನಪಾಲೆಂ ಕಡೆ. ಉಕ್ಕು ಕಾರ್ಖಾನೆಯಿಂದ ಕೊಮ್ಮಾದಿವರೆಗಿನ ಉದ್ದೇಶಿತ ಮೆಟ್ರೊ ಮಾರ್ಗವೇ 34.4 ಕಿ.ಮೀ. ಬಾಡಿಗೆಯಲ್ಲಿ ಉಳಿಸಿದ ಹಣ ಪೆಟ್ರೋಲಿಗೂ, ಉಳಿದ ಸಮಯ ರಸ್ತೆಗೂ ಹೋಗುತ್ತದೆ.

ಭೂಮಿ 99 ಪೈಸೆಗೆ, ವಸತಿ ಯಾರ ಹೊಣೆ?

2025ರ ಏಪ್ರಿಲ್‌ನಲ್ಲಿ ಆಂಧ್ರ ಸಂಪುಟ ಟಿಸಿಎಸ್‌ಗೆ ಋಷಿಕೊಂಡದ ಐಟಿ ಹಿಲ್‌ನಲ್ಲಿ 21.16 ಎಕರೆಯನ್ನು 99 ಪೈಸೆಯ ಸಾಂಕೇತಿಕ ದರಕ್ಕೆ ಕೊಡಲು ಒಪ್ಪಿತು. 12,000 ಉದ್ಯೋಗದ ಭರವಸೆ ಅದರ ಹಿಂದಿತ್ತು. ನಂತರ ಕಾಗ್ನಿಜೆಂಟ್‌ಗೂ ಕಾಪುಲುಪ್ಪಾಡದಲ್ಲಿ ಸಾಂಕೇತಿಕ ದರದಲ್ಲಿ ಭೂಮಿ, 8,000 ಉದ್ಯೋಗದ ಲೆಕ್ಕ. ಇವೆರಡೇ ಸೇರಿ 20,000 ಉದ್ಯೋಗ. ಇಷ್ಟು ಜನರಲ್ಲಿ ಬಹುತೇಕರು ಯುವಕರು, ಮೊದಲ ಕೆಲಸದವರು, ಬಾಡಿಗೆಗೇ ಇರುವವರು. ಅವರ ಜತೆಗೆ ಭದ್ರತಾ ಸಿಬ್ಬಂದಿ, ಅಡುಗೆಯವರು, ಕ್ಯಾಬ್ ಚಾಲಕರು, ಸ್ವಚ್ಛತಾ ನೌಕರರೂ ಬರುತ್ತಾರೆ. ಭೂಮಿ ಹಂಚಿಕೆಯ ಚರ್ಚೆಯಲ್ಲಿ ಮುಂದಿದ್ದದ್ದು ಹೂಡಿಕೆ ಮತ್ತು ಉದ್ಯೋಗದ ಸಂಖ್ಯೆ. ಇವರ ವಸತಿ ಆ ಚರ್ಚೆಯ ಮುಖ್ಯ ವಿಷಯವಾಗಲೇ ಇಲ್ಲ.

ವಿಶಾಖಪಟ್ಟಣದಲ್ಲೇ ಇದಕ್ಕೆ ವ್ಯತಿರಿಕ್ತವಾದ ಮಾದರಿಯೊಂದಿದೆ. ಉಕ್ಕು ಕಾರ್ಖಾನೆಗೆ 1971ರಲ್ಲಿ ಇಂದಿರಾ ಗಾಂಧಿ ಶಂಕುಸ್ಥಾಪನೆ ಮಾಡಿದರು, 1992ರಲ್ಲಿ ಅದು ದೇಶಕ್ಕೆ ಸಮರ್ಪಣೆಯಾಯಿತು. ಕಾರ್ಖಾನೆಯ ಜತೆಗೇ ಉಕ್ಕುನಗರಂ ಎಂಬ ಟೌನ್‌ಶಿಪ್ ಬಂತು. ಶಾಲೆ, ಆಸ್ಪತ್ರೆ, ಕ್ವಾರ್ಟರ್ಸ್ ಎಲ್ಲವೂ ಇದ್ದವು. ಬೆಂಗಳೂರಿನಲ್ಲಿ ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ ಕಾಲೊನಿಗಳು, ಭದ್ರಾವತಿಯ ಕಬ್ಬಿಣ ಕಾರ್ಖಾನೆಯ ಕ್ವಾರ್ಟರ್ಸ್‌ಗಳು ಬಂದದ್ದೂ ಇದೇ ಯೋಚನೆಯಿಂದ. ನೌಕರಿ ಕೊಡುವವರೇ ನೆಲೆಯನ್ನೂ ಕೊಡಬೇಕು ಎಂಬ ತಿಳಿವಳಿಕೆ ಆಗ ಇತ್ತು. ಆ ಕಾಲೊನಿಗಳಿಂದಾಗಿ ಸುತ್ತಲಿನ ಬಾಡಿಗೆ ಮಾರುಕಟ್ಟೆಯ ಮೇಲೂ ಒತ್ತಡ ಕಡಿಮೆ ಇರುತ್ತಿತ್ತು. ಐಟಿ ಕಾಲದಲ್ಲಿ ಈ ಹೊಣೆ ಪೂರ್ತಿ ಮಾರುಕಟ್ಟೆಯ ಹೆಗಲಿಗೆ ಹೋಯಿತು. ಅದರ ಫಲವನ್ನು ಬೆಂಗಳೂರು ಮಾರತ್‌ಹಳ್ಳಿ, ಬೆಳ್ಳಂದೂರು, ವೈಟ್‌ಫೀಲ್ಡ್‌ನಲ್ಲಿ ಪ್ರತಿದಿನ ಕಾಣುತ್ತಿದೆ.

ಡೇಟಾ ಸೆಂಟರಿನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದಕ್ಕೆ ಬೇಕಾಗುವ ಭೂಮಿ, ವಿದ್ಯುತ್, ನೀರು ಹೆಚ್ಚು. ಕಟ್ಟಿ ಮುಗಿದ ಮೇಲೆ ಒಳಗೆ ಕಾಯಂ ಕೆಲಸ ಮಾಡುವವರು ಹೂಡಿಕೆಯ ಗಾತ್ರಕ್ಕೆ ಹೋಲಿಸಿದರೆ ಕಡಿಮೆ. ಆದರೆ ಸುತ್ತಲಿನ ಭೂಮಿಯ ಬೆಲೆ ಮತ್ತು ಬಾಡಿಗೆ ಕಾಯುವುದು ಉದ್ಯೋಗದ ಸಂಖ್ಯೆಗಲ್ಲ, ಘೋಷಣೆಗೆ. ಅಂದರೆ ಸಂಬಳ ಏರುವ ಮೊದಲೇ ಬಾಡಿಗೆ ಏರುವ ಅಪಾಯ ಇಲ್ಲಿ ನಿಜ. ಭೋಗಾಪುರಂ ವಿಮಾನ ನಿಲ್ದಾಣ, ದಕ್ಷಿಣ ಕರಾವಳಿ ರೈಲ್ವೆ ವಲಯದ ಕೇಂದ್ರ ಕಚೇರಿಯೂ ಸೇರಿದರೆ ಉತ್ತರ ಭಾಗದ ಮಧುರವಾಡ, ಪಿಎಂ ಪಾಲೆಂ, ಆನಂದಪುರಂ ಕಡೆ ನಿರೀಕ್ಷೆಯ ಭಾರ ಮತ್ತಷ್ಟು ಹೆಚ್ಚುತ್ತದೆ.

ಸರ್ಕಾರದ ಮನೆ ಯೋಜನೆಗಳು ಏಕೆ ಸಾಲುತ್ತಿಲ್ಲ?

ಆಂಧ್ರದಲ್ಲಿ ಮನೆ ಯೋಜನೆಗಳಿಗೆ ಕೊರತೆಯಿಲ್ಲ. 2014-19ರ ಅವಧಿಯಲ್ಲಿ ಆರಂಭವಾದ ಟಿಡ್ಕೊ ಅಪಾರ್ಟ್‌ಮೆಂಟ್‌ಗಳಲ್ಲಿ 300, 365, 430 ಚದರಡಿಯ ಫ್ಲ್ಯಾಟ್‌ಗಳಿದ್ದವು. ಸುಮಾರು 2.62 ಲಕ್ಷ ಮನೆಗಳ ಗುರಿ. ಸರ್ಕಾರ ಬದಲಾದಾಗ ಹಲವು ಕಟ್ಟಡ ಅರ್ಧಕ್ಕೆ ನಿಂತವು, ಕಟ್ಟಿದ್ದೂ ಬಹುಕಾಲ ಖಾಲಿ ಉಳಿಯಿತು. ನಂತರದ ಸರ್ಕಾರ 2020ರ ಡಿಸೆಂಬರ್‌ನಿಂದ ಸುಮಾರು 30 ಲಕ್ಷ ನಿವೇಶನ ಹಂಚುವ ಯೋಜನೆಗೆ ಕೈಹಾಕಿತು. ವಿಶಾಖಪಟ್ಟಣದ ಬಡವರಿಗೆ ನಿವೇಶನ ಸಿಕ್ಕಿದ್ದು ಸಬ್ಬವರಂ ಕಡೆಯಂಥ ದೂರದ ಜಾಗಗಳಲ್ಲಿ. ಅಮರಾವತಿಯ 'ಆರ್5' ವಲಯದಲ್ಲಿ 2023ರ ಮೇನಲ್ಲಿ ಹಂಚಿದ ನಿವೇಶನಗಳಲ್ಲಿ ಮನೆ ಕಟ್ಟುವುದಕ್ಕೆ ಅದೇ ವರ್ಷ ಆಗಸ್ಟ್‌ನಲ್ಲಿ ಹೈಕೋರ್ಟ್ ತಡೆ ಕೊಟ್ಟಿತು.

ಪಕ್ಷ ಯಾವುದೇ ಇರಲಿ, ಈ ಯೋಜನೆಗಳಲ್ಲಿ ಸಾಮಾನ್ಯವಾದ ಅಂಶ ಒಂದೇ: ಎಲ್ಲವೂ 'ಸ್ವಂತ ಮನೆ'ಯ ಯೋಜನೆಗಳು. ಸ್ವಂತ ಮನೆಯ ಕನಸು ದೊಡ್ಡದು, ಮತವೂ ಅಲ್ಲಿದೆ. ಆದರೆ ಶ್ರೀಕಾಕುಳಂನಿಂದ ವಿಶಾಖಪಟ್ಟಣಕ್ಕೆ ಕೂಲಿಗೆ ಬಂದವರಿಗೆ, ರಾಯಲಸೀಮೆಯಿಂದ ವಿಜಯವಾಡದ ಅಂಗಡಿಗೆ ಬಂದ ಯುವಕನಿಗೆ, ಮೂರು ವರ್ಷಕ್ಕೊಮ್ಮೆ ವರ್ಗವಾಗುವ ಬ್ಯಾಂಕ್ ನೌಕರರಿಗೆ ಬೇಕಾಗಿರುವುದು ಊರ ಹೊರಗಿನ ನಿವೇಶನವಲ್ಲ, ಕೆಲಸದ ಹತ್ತಿರ ಎರಡು ಕೋಣೆಯ ಬಾಡಿಗೆ ಮನೆ. ಸ್ಥಳೀಯ ಪಡಿತರ ಚೀಟಿ, ಮತದಾರರ ಗುರುತು ಇಲ್ಲದ ಇಂಥವರು ಫಲಾನುಭವಿಗಳ ಪಟ್ಟಿಗೆ ಸೇರುವುದೂ ಕಷ್ಟ.

ಕೇಂದ್ರ ಸರ್ಕಾರಕ್ಕೆ ಈ ಕೊರತೆ ಅರಿವಾದದ್ದು ಕೋವಿಡ್ ಕಾಲದಲ್ಲಿ. ವಲಸೆ ಕಾರ್ಮಿಕರು ನಡೆದೇ ಊರಿಗೆ ಹೋದ ಮೇಲೆ, 2020ರ ಜುಲೈನಲ್ಲಿ ಕೈಗೆಟಕುವ ಬಾಡಿಗೆ ವಸತಿ ಸಂಕೀರ್ಣಗಳ ಯೋಜನೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ದೇಶದಾದ್ಯಂತ ಖಾಲಿ ಬಿದ್ದಿದ್ದ 80,000ಕ್ಕೂ ಹೆಚ್ಚು ಸರ್ಕಾರಿ ಮನೆಗಳನ್ನು ಬಾಡಿಗೆಗೆ ಕೊಡುವುದು ಅದರ ಒಂದು ಭಾಗ. ಬಾಡಿಗೆ ಮನೆಗಳಾಗಿ ಬದಲಾದದ್ದು ಅದರಲ್ಲಿ ಸಣ್ಣ ಪಾಲು ಮಾತ್ರ. 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ ಪ್ರಧಾನಮಂತ್ರಿ ಆವಾಸ್ ಯೋಜನೆ-ನಗರ 2.0ರಲ್ಲೂ ಬಾಡಿಗೆ ವಸತಿ ಒಂದು ಪ್ರತ್ಯೇಕ ವಿಭಾಗವಾಗಿದೆ. ಕಾಗದದ ಮೇಲೆ ದಾರಿ ಇದೆ. ಅರ್ಧಕ್ಕೆ ನಿಂತ ಟಿಡ್ಕೊ ಕಟ್ಟಡಗಳಲ್ಲಿ ಫಲಾನುಭವಿ ಇಲ್ಲದ ಮನೆಗಳನ್ನು ಬಾಡಿಗೆಗೆ ಕೊಡುವ ಪ್ರಯತ್ನಕ್ಕೆ ಇದನ್ನು ಬಳಸಬಹುದು.

ಮನೆಗಳೇ ಇಲ್ಲ ಎಂದೂ ಅಲ್ಲ. 2011ರ ಜನಗಣತಿಯ ಪ್ರಕಾರ ದೇಶದ ನಗರಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿ ಇದ್ದವು. ನಗರದ ಕುಟುಂಬಗಳಲ್ಲಿ ಶೇ 27.5ರಷ್ಟು ಬಾಡಿಗೆಗೆ ಇದ್ದವು. ಮನೆ ಇದ್ದೂ ಬಾಡಿಗೆಗೆ ಕೊಡದಿರುವುದಕ್ಕೆ ಮಾಲೀಕರಿಗೂ ಅವರದೇ ಭಯವಿದೆ: ಬಾಡಿಗೆದಾರ ಖಾಲಿ ಮಾಡದಿದ್ದರೆ ಕೋರ್ಟು ಅಲೆಯಬೇಕು.

ಕಾನೂನು ಏನು ಹೇಳುತ್ತದೆ?

ಈ ಭಯ ಮತ್ತು ಬಾಡಿಗೆದಾರರ ಅಭದ್ರತೆ ಎರಡಕ್ಕೂ ಉತ್ತರವಾಗಿ ಕೇಂದ್ರ ಸಂಪುಟ 2021ರ ಜೂನ್ 2ರಂದು ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಅದರಂತೆ ಲಿಖಿತ ಕರಾರು ಕಡ್ಡಾಯ. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಪಡೆಯುವಂತಿಲ್ಲ. ಬಾಡಿಗೆ ಏರಿಸಲು ಮೂರು ತಿಂಗಳ ನೋಟಿಸ್ ಬೇಕು. ಮಾಲೀಕ ಮನೆಯೊಳಗೆ ಬರಲು 24 ಗಂಟೆ ಮುಂಚೆ ತಿಳಿಸಬೇಕು. ಅವಧಿ ಮುಗಿದರೂ ಬಾಡಿಗೆದಾರ ಖಾಲಿ ಮಾಡದಿದ್ದರೆ ಮೊದಲ ಎರಡು ತಿಂಗಳು ದುಪ್ಪಟ್ಟು, ನಂತರ ನಾಲ್ಕು ಪಟ್ಟು ಬಾಡಿಗೆ. ವ್ಯಾಜ್ಯ ಪರಿಹಾರಕ್ಕೆ ಪ್ರತ್ಯೇಕ ಬಾಡಿಗೆ ಪ್ರಾಧಿಕಾರ, ನ್ಯಾಯಾಲಯ, ನ್ಯಾಯಮಂಡಳಿ.

ಇದು ರಾಜ್ಯಗಳ ವಿಷಯವಾದ್ದರಿಂದ ಒಪ್ಪುವುದು ಬಿಡುವುದು ಅವುಗಳಿಗೆ ಸೇರಿದ್ದು. ತಮಿಳುನಾಡು, ಉತ್ತರಪ್ರದೇಶ, ಅಸ್ಸಾಂ ಜತೆಗೆ ಆಂಧ್ರಪ್ರದೇಶವೂ ಈ ಮಾದರಿಯ ಹಾದಿಯಲ್ಲಿ ಕಾನೂನು ಪರಿಷ್ಕರಿಸಿದೆ ಎಂದು ಕೇಂದ್ರ ಹೇಳಿದೆ. ಕರ್ನಾಟಕದಲ್ಲಿ ಇರುವುದು 1999ರ ಬಾಡಿಗೆ ಕಾಯ್ದೆ. ಬೆಂಗಳೂರಿನಂಥ ನಗರದಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗಳಿಗೆ ಅದು ಅನ್ವಯವಾಗುವುದೇ ಇಲ್ಲ.

ಆದರೂ ಬಹುತೇಕ ಕರಾರು ಇಂದಿಗೂ 11 ತಿಂಗಳದ್ದು. ಒಂದು ವರ್ಷ ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಕಡ್ಡಾಯ, ಅದನ್ನು ತಪ್ಪಿಸಲು ಈ ಲೆಕ್ಕ. ಪ್ರತಿ ಹನ್ನೊಂದನೇ ತಿಂಗಳಿಗೆ ಬಾಡಿಗೆದಾರನ ಮುಂದೆ ಎರಡೇ ಆಯ್ಕೆ: ಹೆಚ್ಚು ಕೊಡು, ಇಲ್ಲವೇ ಹೊರಡು. ಅಡ್ವಾನ್ಸ್ ವಿಷಯದಲ್ಲಿ ಆಂಧ್ರದ ನಗರಗಳು ಬೆಂಗಳೂರಿಗಿಂತ ವಾಸಿ. ಎರಡು-ಮೂರು ತಿಂಗಳ ಅಡ್ವಾನ್ಸ್ ಅಲ್ಲಿನ ರೂಢಿ. 9,000 ರೂಪಾಯಿಯ ಮನೆಗೆ 18,000ದಿಂದ 27,000. ಬೆಂಗಳೂರಿನ ಹಳೆಯ ಹತ್ತು ತಿಂಗಳ ಪದ್ಧತಿಯಲ್ಲಿ ಅದೇ ಮನೆಗೆ 90,000 ಹೊಂದಿಸಬೇಕಾಗುತ್ತಿತ್ತು. ಬೇಡಿಕೆ ಹೆಚ್ಚಿದಂತೆ ಈ ರೂಢಿಯೂ ಬದಲಾಗದಂತೆ ನೋಡಿಕೊಳ್ಳಬೇಕಾದದ್ದು ಕಾನೂನು.

ಹಣವಿದ್ದರೂ ಸಿಗದ ಮನೆಗಳ ಸಮಸ್ಯೆ ಬೇರೆ. ಒಂಟಿ ಯುವಕ, ಒಂಟಿ ಮಹಿಳೆ, ಮಾಂಸಾಹಾರಿ, ಬೇರೆ ಜಾತಿ, ಬೇರೆ ಧರ್ಮ ಎಂಬ ಕಾರಣಕ್ಕೆ ಬಾಗಿಲು ಮುಚ್ಚುವುದು ದೇಶದ ಎಲ್ಲ ನಗರಗಳಲ್ಲೂ ಇದೆ. ಮಾದರಿ ಕಾಯ್ದೆಯಲ್ಲಿ ಇದಕ್ಕೆ ಉತ್ತರವಿಲ್ಲ.

ಮನೆ ಹುಡುಕುವವರು ಗಮನಿಸಬೇಕಾದದ್ದು

ಕೆಲಸ, ವರ್ಗಾವಣೆ ಅಥವಾ ಓದಿಗಾಗಿ ಈ ನಗರಗಳಿಗೆ ಹೋಗುವ ಕನ್ನಡಿಗರೂ ಇದ್ದಾರೆ. ಬಾಡಿಗೆಯ ಮೊತ್ತವೊಂದನ್ನೇ ನೋಡಿ ಮನೆ ಒಪ್ಪುವ ಮೊದಲು ಕೆಲವು ವಿಷಯ ಕೇಳುವುದು ಒಳ್ಳೆಯದು. ವಿಜಯವಾಡದಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಆ ಬೀದಿಗೆ ಎಷ್ಟು ನೀರು ಬಂದಿತ್ತು ಎಂದು ಅಕ್ಕಪಕ್ಕದವರನ್ನು ಕೇಳಬೇಕು. ಅಗ್ಗ ಎಂದು ನೆಲಮಹಡಿ ಹಿಡಿಯುವ ಮುನ್ನ ಇದು ಮುಖ್ಯ. ವಿಶಾಖಪಟ್ಟಣದಲ್ಲಿ ಮನೆಯಿಂದ ಕಾರ್ಖಾನೆ, ಬಂದರು ಎಷ್ಟು ದೂರ, ಬೇಸಿಗೆಯಲ್ಲಿ ನೀರು ಎಲ್ಲಿಂದ ಬರುತ್ತದೆ, ಟ್ಯಾಂಕರ್ ಖರ್ಚು ನಿರ್ವಹಣಾ ವೆಚ್ಚದಲ್ಲಿ ಸೇರಿದೆಯೇ ಎಂದು ತಿಳಿಯಬೇಕು. ಬಾಡಿಗೆಯನ್ನು ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಕೊಡುವುದು, ಲಿಖಿತ ಕರಾರಿನ ಪ್ರತಿ ಇಟ್ಟುಕೊಳ್ಳುವುದು ನಾಳೆ ಪರಿಹಾರ, ವಿಳಾಸ ಪುರಾವೆ, ಅಡ್ವಾನ್ಸ್ ವಾಪಸಾತಿ ಎಲ್ಲಕ್ಕೂ ಆಧಾರ.

ದೂರದ ಮನೆ ಹಿಡಿಯುವವರಿಗೆ ಒಂದು ಅನುಕೂಲ ಆಗಿದೆ. 2025ರ ಆಗಸ್ಟ್ 15ರಿಂದ ಆಂಧ್ರದಲ್ಲೂ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ 'ಸ್ತ್ರೀ ಶಕ್ತಿ' ಯೋಜನೆ ಜಾರಿಯಾಗಿದೆ. ಸಿಟಿ ಆರ್ಡಿನರಿ, ಮೆಟ್ರೊ ಎಕ್ಸ್‌ಪ್ರೆಸ್ ಬಸ್‌ಗಳೂ ಅದರಲ್ಲಿವೆ. ಕರ್ನಾಟಕದ 'ಶಕ್ತಿ'ಯಂತೆ ಇದೂ ಕೆಲಸಕ್ಕೆ ಹೋಗುವ ಮಹಿಳೆಯರ ಪಾಲಿಗೆ ದೂರದ ಖರ್ಚನ್ನು ತಗ್ಗಿಸುತ್ತದೆ. ಹಿಡಿಯುವ ಮನೆಯ ಹತ್ತಿರ ಎಷ್ಟು ಹೊತ್ತಿಗೊಂದು ಬಸ್ಸಿದೆ ಎಂಬುದು ಆಗ ಬಾಡಿಗೆಯಷ್ಟೇ ಮುಖ್ಯವಾಗುತ್ತದೆ.

ಇನ್ನೂ ಸಮಯವಿದೆ

ವಿಶಾಖಪಟ್ಟಣ, ವಿಜಯವಾಡ ಮೆಟ್ರೊಗಳ ಮೊದಲ ಹಂತಕ್ಕೆ ರಾಜ್ಯ ಸರ್ಕಾರ 2024ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ವಿಶಾಖಪಟ್ಟಣದಲ್ಲಿ 46.23 ಕಿ.ಮೀ., ವಿಜಯವಾಡದಲ್ಲಿ ಬಸ್ ನಿಲ್ದಾಣದಿಂದ ಗನ್ನವರಂ ಮತ್ತು ಪೆನಮಲೂರು ಕಡೆಗೆ 38.4 ಕಿ.ಮೀ. ಮಾರ್ಗ. ಮೆಟ್ರೊ ಬಂದರೆ ದೂರದ ಬಡಾವಣೆಗಳೂ ಹತ್ತಿರವಾಗುತ್ತವೆ. ಜತೆಗೇ ಮೆಟ್ರೊ ಪಕ್ಕದ ಬಾಡಿಗೆಯೂ ಏರುತ್ತದೆ, ಬೆಂಗಳೂರಿನಲ್ಲಿ ಆದಂತೆ. ನಿಲ್ದಾಣಗಳ ಸುತ್ತಲಿನ ಸರ್ಕಾರಿ ಭೂಮಿಯಲ್ಲಿ ಒಂದಷ್ಟನ್ನು ಈಗಲೇ ಬಾಡಿಗೆ ವಸತಿಗೆ ಮೀಸಲಿಟ್ಟರೆ ಮಾತ್ರ ಕಡಿಮೆ ಆದಾಯದವರು ಅಲ್ಲಿ ಉಳಿಯಲು ಸಾಧ್ಯ. ಸಾಂಕೇತಿಕ ದರಕ್ಕೆ ಭೂಮಿ ಪಡೆಯುವ ಕಂಪನಿಗಳಿಗೆ ನೌಕರರ ವಸತಿಯಲ್ಲೂ ಪಾಲುದಾರರಾಗುವ ಷರತ್ತು ಹಾಕುವುದು ಅಸಾಧ್ಯದ ಮಾತಲ್ಲ. ಉಕ್ಕುನಗರಂ ಅದೇ ಊರಿನಲ್ಲಿ ನಿಂತಿದೆ.

ಕಡಿಮೆ ಬಾಡಿಗೆ, ಕಡಿಮೆ ದಟ್ಟಣೆ ಎಂಬುದು ಇಂದು ವಿಶಾಖಪಟ್ಟಣ ಬೆಂಗಳೂರಿನ ಎದುರು ಮುಂದಿಡುತ್ತಿರುವ ದೊಡ್ಡ ಆಕರ್ಷಣೆ. ಒಂದು ಕಾಲದಲ್ಲಿ ಬೆಂಗಳೂರೂ ಇದನ್ನೇ ಹೇಳುತ್ತಿತ್ತು. ಕಂಪನಿಗಳನ್ನು ಕರೆತರುವ ಸ್ಪರ್ಧೆಯಲ್ಲಿ ಯಾವ ರಾಜ್ಯ ಗೆದ್ದರೂ, ಆ ಕಂಪನಿಯ ಕಟ್ಟಡದಲ್ಲಿ ಕಸ ಗುಡಿಸುವ ಮಹಿಳೆಗೆ ಅರ್ಧ ಗಂಟೆಯ ದೂರದಲ್ಲಿ, ನೀರು ನುಗ್ಗದ ಒಂದು ಬಾಡಿಗೆ ಮನೆ ಸಿಗುತ್ತದೆಯೇ ಎಂಬುದರ ಮೇಲೆ ಆ ಗೆಲುವಿನ ಬೆಲೆ ನಿಂತಿದೆ.